ಪ್ಲಾಟ್ ನಂಬರಿನ ಅಡಿಯ ಮುತ್ತಜ್ಜ

ಬೆಳಗಿನ ಪಾಳಿಯ ಹೊತ್ತಿಗೆ ಹಾರೋಹಳ್ಳಿಯಲ್ಲಿ ರಸ್ತೆ ದಾಟುವುದೇ ಕಷ್ಟ. ಕನಕಪುರದ ಕಡೆಯಿಂದ, ಬೆಂಗಳೂರಿನ ಕಡೆಯಿಂದ, ಮರಳವಾಡಿಯ ಕಡೆಯಿಂದ ಬಸ್ಸು, ಟೆಂಪೊ, ಕಂಪನಿ ವ್ಯಾನುಗಳು ಒಂದರ ಹಿಂದೊಂದು ಬಂದು ಜನರನ್ನು ಇಳಿಸುತ್ತವೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ, ಸೀರೆಯ ಮೇಲೆ ಕಂಪನಿಯ ಕೋಟು ತೊಟ್ಟ ಹೆಂಗಸರು ಗುಂಪುಗುಂಪಾಗಿ ಗೇಟುಗಳ ಕಡೆ ನಡೆಯುತ್ತಾರೆ. ಟೀ ಅಂಗಡಿಯಲ್ಲಿ ಕನ್ನಡದಷ್ಟೇ ಹಿಂದಿ, ಒಡಿಯಾ, ಅಸ್ಸಾಮಿ ಕೇಳಿಸುತ್ತದೆ. ಸೈರನ್ ಆಗುವ ಹೊತ್ತಿಗೆ ರಸ್ತೆ ಬರಿದಾಗುತ್ತದೆ. ಉಳಿಯುವುದು ಲಾರಿಗಳ ಸಾಲು, ತಗಡಿನ ಮಾಡುಗಳ ಮೇಲೆ ಏರುವ ಬಿಸಿಲು, ಕಾಂಪೌಂಡಿನ ಆಚೆಯಿಂದ ಒಂದೇ ಸಮನೆ ಬರುವ ಯಂತ್ರದ ಸದ್ದು.

ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆ.ಐ.ಎ.ಡಿ.ಬಿ.) ಹಸಿರು ಬೋರ್ಡುಗಳಲ್ಲಿ ಇಲ್ಲಿಯ ನೆಲಕ್ಕೆ ಪ್ಲಾಟ್ ನಂಬರುಗಳಿವೆ. ಅದಕ್ಕೂ ಮೊದಲು ಈ ನೆಲಕ್ಕೆ ಸರ್ವೆ ನಂಬರುಗಳಿದ್ದವು. ಅದಕ್ಕೂ ಮೊದಲು ಹೆಸರುಗಳಿದ್ದವು: ಹುಣಸೇಮರದ ಹೊಲ, ಮುನೇಶ್ವರನ ಗುಡ್ಡೆ, ಕಣದ ಹಿತ್ತಲು. ಎರಡು ಕಾರ್ಖಾನೆಗಳ ನಡುವಿನ ಓಣಿಯಲ್ಲಿ ಇವತ್ತಿಗೂ ಒಂದು ಹೊಂಗೆ ಮರ, ಅದರ ಬುಡದಲ್ಲಿ ಅರಿಸಿನ ಹಚ್ಚಿದ ಎರಡು ಕಲ್ಲು, ಸ್ವಲ್ಪ ದೂರದಲ್ಲಿ ಅರ್ಧ ಹೂತ ಬಾಂದುಕಲ್ಲು ಕಾಣಸಿಗುತ್ತವೆ. ಸರಪಳಿ ಹಿಡಿದು ಬಂದ ಸರ್ವೆಯವರು ನೆಟ್ಟ ಕಲ್ಲು ಅದು.

ಆ ಓಣಿಯ ಕೊನೆಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಹುಡುಗನೊಬ್ಬ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೈಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದ. ಒಳಗೆ ನಡುವೆ ಮಡಿಚಿದ ಜೆರಾಕ್ಸ್ ಹಾಳೆಗಳು. ಅವನ ಮನೆಯವರ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿದೆ. ಪರಿಹಾರದ ಹಣ ಬರಬೇಕಾದರೆ ವಂಶವೃಕ್ಷ ಬೇಕು. ಖಾತೆ ಇರುವುದು ಅವನ ಮುತ್ತಜ್ಜನ ಹೆಸರಿನಲ್ಲಿ. ಆ ಮುತ್ತಜ್ಜನನ್ನು ಮನೆಯಲ್ಲಿ ಬದುಕಿರುವ ಯಾರೂ ಕಂಡಿಲ್ಲ.

‘ನೋಟಿಸು ಬಂದಿದ್ದು ಅವರ ಹೆಸರಿಗೇ ಸಾರ್. ಸತ್ತು ಎಷ್ಟು ವರ್ಷ ಆಯ್ತೋ ಗೊತ್ತಿಲ್ಲ. ಅಜ್ಜಿ ಆ ಕಾಗ್ದಾನ ದೇವ್ರ ಗೂಡಲ್ಲಿ ಇಟ್ಟವ್ರೆ’ ಎಂದ.

ಈ ಮಾತು ಅವನೊಬ್ಬನ ಮನೆಯದಲ್ಲ. ಸತ್ತವರ ಹೆಸರಿನಿಂದ ಬದುಕಿರುವವರ ಹೆಸರಿಗೆ ಪೌತಿ ಖಾತೆ ಆಗದೆ ಉಳಿದ ಜಮೀನುಗಳು ರಾಜ್ಯದಲ್ಲಿ ಲಕ್ಷಾಂತರ ಇವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಬದು ಹಾಕಿಕೊಂಡು ಉತ್ತರು; ಕಂದಾಯ ಕಟ್ಟಿದ ರಸೀದಿ ಅಜ್ಜನ ಹೆಸರಿನಲ್ಲೇ ಬಂತು; ಯಾರಿಗೂ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1966ರ 28ನೇ ಕಲಮಿನ ಅಧಿಸೂಚನೆ ಹೊರಟಾಗ. ಸ್ವಾಧೀನದ ಉದ್ದೇಶ ತಿಳಿಸುವುದು 28(1), ಅಂತಿಮವಾಗುವುದು 28(4). ಪರಿಹಾರ ಪಡೆಯಬೇಕಾದರೆ, ಶತಮಾನದ ಹಿಂದೆ ರಾಗಿ ಬಿತ್ತಿದ ಒಬ್ಬ ಸಾಮಾನ್ಯ ಮನುಷ್ಯ ಯಾರ ಮಗ, ಯಾರ ಅಪ್ಪ ಎಂದು ಅವನ ಮರಿಮಕ್ಕಳು ಕಾಗದದಲ್ಲಿ ತೋರಿಸಬೇಕಾಗುತ್ತದೆ.

ಇಂಗ್ಲೆಂಡಿನ ಕೂಲಿಯವನ ಮರಿಮಗನಿಗೆ ಈ ಹುಡುಕಾಟ ಇಷ್ಟು ಕಷ್ಟವಲ್ಲ. ಅಲ್ಲಿ 1538ರಿಂದ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಮೂರನ್ನೂ ಬರೆದಿಟ್ಟವು. 1841ರಿಂದ ಜನಗಣತಿಯಲ್ಲಿ ಮನೆಯವರ ಹೆಸರುಗಳೇ ಇವೆ. ನೂರು ವರ್ಷ ಕಳೆದ ಮೇಲೆ ಅದನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲೂ ಮೈಸೂರು ಸಂಸ್ಥಾನದ ಜನಗಣತಿ 1871ರಲ್ಲೇ ನಡೆಯಿತು. ಆದರೆ ಉಳಿದಿರುವುದು ಮೊತ್ತಗಳು ಮಾತ್ರ. 1871ರಲ್ಲಿ ಸಂಸ್ಥಾನದಲ್ಲಿ 50,55,412 ಜನ, 1881ರಲ್ಲಿ 41,86,188 ಜನ. ನಡುವೆ ಧಾತು, ಈಶ್ವರ ಸಂವತ್ಸರಗಳ ಭೀಕರ ಬರ. ಆ ಎರಡು ಅಂಕಿಗಳ ನಡುವೆ ಇಲ್ಲವಾದವರಲ್ಲಿ ಹಾರೋಹಳ್ಳಿ ಸುತ್ತಿನ ಯಾವ ಮನೆಯ ಯಾರಿದ್ದರು ಎಂದು ಕೇಳಿದರೆ ಜನಗಣತಿಯಿಂದ ಉತ್ತರ ಬರುವುದಿಲ್ಲ. ಜನನ ಮರಣ ನೋಂದಣಿಯ ಈಗಿನ ಕಾಯ್ದೆ 1969ರದು. ಅದಕ್ಕೆ ಹಿಂದೆ ಪಟೇಲರು ಬರೆಯುತ್ತಿದ್ದ ರಿಜಿಸ್ಟರುಗಳಲ್ಲಿ ಅನೇಕವು ಗೆದ್ದಲಿಗೆ ಹೋದವು. ಕನಕಪುರದ ಆಚೆಯ ಹಾರೋಬೆಲೆಯಂಥ ಹಳೆಯ ಕ್ರೈಸ್ತ ಊರಿನ ಮನೆಗಳಿಗೆ ಚರ್ಚಿನ ಪುಸ್ತಕದ ಆಸರೆಯುಂಟು. ಉಳಿದವರ ಪಾಲಿಗೆ ಇರುವುದು ಮಣ್ಣಿನ ದಾಖಲೆ. ನಮ್ಮ ಕಡೆ ಸಾಮಾನ್ಯ ಮನುಷ್ಯನ ಹೆಸರು ಸರ್ಕಾರದ ಪುಸ್ತಕ ಸೇರಿದ್ದು ಅವನು ಕಂದಾಯ ಕಟ್ಟಿದ್ದರಿಂದ.

ಹಾಗಾಗಿ ಹುಡುಗ ಹಿಡಿದದ್ದು ಪಹಣಿಯ ದಾರಿ. ಕಂಪ್ಯೂಟರ್ ಪಹಣಿ ಹೆಚ್ಚು ಹಿಂದಕ್ಕೆ ಹೋಗುವುದಿಲ್ಲ. ‘ಭೂಮಿ’ ಯೋಜನೆ ಬಂದದ್ದು 2000ದ ಹೊತ್ತಿಗೆ. ಅದಕ್ಕೂ ಹಿಂದಿನದು ಕೈಬರಹದ ಪಹಣಿ. ಅದರ ನಕಲು ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಊರುಗಳ ವಿಳಾಸವೇ ಬದಲಾಗಿರುವುದರಿಂದ ಯಾವ ತಾಲ್ಲೂಕು ಎಂಬುದನ್ನೂ ತಿಳಿದಿರಬೇಕು. ಹಾರೋಹಳ್ಳಿ ಈಗ ತಾನೇ ತಾಲ್ಲೂಕು; ಹಿಂದೆ ಕನಕಪುರ ತಾಲ್ಲೂಕಿನ ಹೋಬಳಿ. ಕನಕಪುರ ಹಳೆಯ ಕಾಗದಗಳಲ್ಲಿ ಕಾನಕಾನಹಳ್ಳಿ, ರಾಮನಗರ ಕ್ಲೋಸ್‌ಪೇಟೆ. ಜಿಲ್ಲೆ ಮೊದಲು ಬೆಂಗಳೂರು, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ. 2025ರಲ್ಲಿ ಅದನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ಸರ್ಕಾರ ತೀರ್ಮಾನಿಸಿತು. ಮುತ್ತಜ್ಜ ಕಾಲು ಕದಲಿಸದೆ ಒಂದೇ ಹಟ್ಟಿಯಲ್ಲಿ ಬಾಳಿದ್ದರೂ ಅವನ ವಂಶದ ಕಾಗದಗಳು ಇಷ್ಟು ಊರುಗಳ ಹೆಸರಿನಲ್ಲಿ ಹರಡಿಕೊಂಡಿವೆ.

ಕೈಬರಹದ ಪಹಣಿಯನ್ನು ನಿಧಾನವಾಗಿ ಓದಬೇಕು. ಕಚೇರಿಯಲ್ಲಿ ಎಲ್ಲರೂ 9ನೇ ಕಾಲಂ ನೋಡಿ ಎತ್ತಿಡುತ್ತಾರೆ, ಏಕೆಂದರೆ ಖಾತೆದಾರನ ಹೆಸರಿರುವುದು ಅಲ್ಲಿ. ಪಕ್ಕದ 10ನೇ ಕಾಲಂನಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತೆಂಬುದಕ್ಕೆ ಎಂ.ಆರ್. ನಂಬರು ಇರುತ್ತದೆ. ಆ ನಂಬರು ಹಿಡಿದು ಮ್ಯುಟೇಶನ್ (ಖಾತೆ ಬದಲಾವಣೆಯ) ರಿಜಿಸ್ಟರು ತೆಗೆಸಿದರೆ ಕ್ರಯವೋ, ವಿಭಾಗವೋ, ಪೌತಿಯೋ ತಿಳಿಯುತ್ತದೆ. ಅಲ್ಲಿಂದ ಇನ್ನೊಂದು ನಂಬರು, ಇನ್ನೊಂದು ತಲೆಮಾರು. ಕೊನೆಗೆ ‘ಇಂಡೆಕ್ಸ್ ಆಫ್ ಲ್ಯಾಂಡ್ಸ್’, ‘ರೆಕಾರ್ಡ್ ಆಫ್ ರೈಟ್ಸ್’ ಎಂಬ ದಪ್ಪ ಪುಸ್ತಕಗಳು. ರೈತರ ಬಾಯಲ್ಲಿ ಐ.ಎಲ್., ಆರ್.ಆರ್.

ನನಗೆ ಹೆಚ್ಚು ಪ್ರಿಯವಾದವು ಯಾರೂ ನೋಡದ ಕಾಲಂಗಳು. ಮರಗಳಿಗೊಂದು ಕಾಲಂ ಇದೆ. ನೀರಿನ ಆಧಾರಕ್ಕೊಂದು ಇದೆ. 12ನೇ ಕಾಲಂನಲ್ಲಿ ಆ ವರ್ಷ ಯಾರು ಉತ್ತರು, ಏನು ಬೆಳೆದರು ಎಂಬುದಿದೆ. ಹುಡುಗನ ಹಾಳೆಗಳಲ್ಲಿ ರಾಗಿ, ಮತ್ತೆ ರಾಗಿ, ಒಂದು ಸಾಲಿನಲ್ಲಿ ಹುರುಳಿ, ಮುಂದೆ ಹಿಪ್ಪುನೇರಳೆ. ಆ ಮನೆಗೆ ರೇಷ್ಮೆಹುಳು ಬಂದ ಕಾಲ ಅಲ್ಲಿ ತಾನಾಗಿ ಕಾಣುತ್ತದೆ. ಹಾಳೆ ಹೊರಳಿಸಿದಂತೆ ಶಾನುಭೋಗರ ಅಕ್ಷರ ಬದಲಾಗುವುದೂ ಕಾಣುತ್ತದೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಲೆಕ್ಕಿಗರ ಬರಹ ಶುರುವಾಯಿತು.

ಅಳತೆಯ ಟಿಪ್ಪಣಿ ಪುಸ್ತಕವನ್ನೂ ತರಿಸಿ ನೋಡಬೇಕು. ಅದು ಹೊಲದ ಚಿತ್ರ. ಅಳತೆ ಸರಪಳಿ ಮತ್ತು ಆಣೆಗಳಲ್ಲಿ. 33 ಅಡಿಯ ಒಂದು ಸರಪಳಿಗೆ 16 ಆಣೆ. ಸರಪಳಿಯುದ್ದ ಸರಪಳಿಯಗಲದ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಹೊಲ ಒಡೆದಂತೆ ನಂಬರೂ ಒಡೆಯುತ್ತದೆ. 40ನೇ ನಂಬರು ಇತ್ತೆನ್ನಿ. ಪೋಡಿಯಾಗಿ 40/1, 40/2 ಆದರೆ ಅಣ್ಣತಮ್ಮ ಇಬ್ಬರು ಬೇರೆಯಾದರು ಎಂದು ತಿಳಿಯಬಹುದು. ಮುಂದೆ 40/1ಎ, 40/1ಬಿ ಬಂದರೆ ಅಣ್ಣನ ಮಕ್ಕಳೂ ಬೇರೆ ಒಲೆ ಹಚ್ಚಿದರು. ನಂಬರಿನ ಬಾಲ ಬೆಳೆದಷ್ಟೂ ಪಾಲಿನ ಗುಂಟೆ ಇಳಿಯುತ್ತದೆ. ಕ್ರಯವಾಗಿಯೂ ನಂಬರು ಒಡೆಯುವುದುಂಟು, ಅದಕ್ಕೇ ಮ್ಯುಟೇಶನ್ ಜತೆ ಇಟ್ಟು ಓದಬೇಕು. ಹಾಗೆ ಓದಿದರೆ ಸರ್ವೆ ನಂಬರೇ ಅರ್ಧ ವಂಶವೃಕ್ಷ.

ಇನ್ನರ್ಧ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಅಲ್ಲಿ ಜನರ ಹೆಸರಿನ ಸೂಚಿಯೊಂದು, ಸ್ವತ್ತಿನ ಸೂಚಿ ಇನ್ನೊಂದು. ಹೆಸರಿನ ಸೂಚಿಯಲ್ಲಿ ಮುತ್ತಜ್ಜ ಸಿಕ್ಕರೆ ಅವನ ಕಷ್ಟಸುಖವೂ ಸಿಕ್ಕಂತೆ. ‘ಮಗಳ ಮದುವೆ ಖರ್ಚಿನ ಬಾಬ್ತು’, ‘ಗೃಹಕೃತ್ಯದ ಸಾಲ ತೀರಿಸುವ ಬಾಬ್ತು’ ಎಂದು ಭೋಗ್ಯಪತ್ರಗಳು ಹೇಳುತ್ತವೆ. ಚೆಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ನೆರೆಯವರು ಹೆಸರು ಸಮೇತ ಬರುತ್ತಾರೆ. ಪೂರ್ವಕ್ಕೆ ದಾಯಾದಿಯ ಹೊಲ ಇದ್ದರೆ ಕಳೆದುಹೋದ ಒಂದು ಕವಲು ಮತ್ತೆ ಕೂಡುತ್ತದೆ. ಕೆಳಗೆ ನೀಲಿ ಮಸಿಯ ಹೆಬ್ಬೆಟ್ಟು, ಅದರ ಸುತ್ತ ಬರಹಗಾರ ಬರೆದ ಹೆಸರು. ಹುಡುಗನ ಹಾಳೆಯೊಂದರಲ್ಲಿ ಆ ಹೆಬ್ಬೆಟ್ಟಿನ ಅಡ್ಡಕ್ಕೆ ಬಿಳಿ ಗೆರೆಯೊಂದಿತ್ತು. ಕುಡುಗೋಲು ತಗುಲಿದ ಗಾಯವಿರಬಹುದು. ಭಾವಚಿತ್ರವಿಲ್ಲದ ಮನುಷ್ಯನ ಮೈಯ ಗುರುತು ಎಂದು ಉಳಿದಿರುವುದು ಅಷ್ಟೇ. ಹುಡುಗ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದ.

ತೊಡಕು ಬರುವುದು ಹೆಸರಿನಲ್ಲಿ. ಈ ಸೀಮೆಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಒಂದು ತಲೆಮಾರು ಬಿಟ್ಟು ಒಂದರಲ್ಲಿ ಅದೇ ಕೆಂಪಯ್ಯ, ಅದೇ ದೊಡ್ಡಯ್ಯ. ಕೆಂಪಯ್ಯ ಬಿನ್ ದೊಡ್ಡಯ್ಯ ಅಂದರೆ ಅಜ್ಜನೂ ಆಗಬಹುದು, ಮೊಮ್ಮಗನೂ ಆಗಬಹುದು. ಹಳೆಯ ಪತ್ರಗಳಲ್ಲಿ ಇಸವಿಯ ಬದಲು ಸಂವತ್ಸರ ಇದ್ದರಂತೂ ತೊಡಕು ಇಮ್ಮಡಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ: ಧಾತು 1876ರಲ್ಲಿ ಬಂತು, 1936ರಲ್ಲಿ ಮತ್ತೆ ಬಂತು. ಹೆಸರೂ ಅದೇ, ಸಂವತ್ಸರವೂ ಅದೇ. ಇಂಥಲ್ಲಿ ಬಿಡಿಸಿ ಹೇಳಬಲ್ಲವರು ಮನೆಯ ಹಿರಿಯರೇ. 1872ರ ಸಾಕ್ಷ್ಯ ಅಧಿನಿಯಮದ 32ನೇ ಕಲಂ ಕೂಡ, ವ್ಯಾಜ್ಯ ಹುಟ್ಟುವ ಮೊದಲು ತೀರಿಕೊಂಡವರು ನೆಂಟಸ್ತಿಕೆಯ ಬಗ್ಗೆ ಆಡಿದ ಮಾತಿಗೆ ಬೆಲೆ ಕೊಟ್ಟಿತ್ತು.

ಹುಡುಗನ ಮನೆಗೆ ಹೋದಾಗ ಅವನ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮುಂದಿನ ರಸ್ತೆಯಲ್ಲಿ ಕಂಟೇನರ್ ಲಾರಿ ಹೋದಾಗಲೆಲ್ಲ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು.

‘ನಾವು ಇಲ್ಲಿನ್ ಮೂಲದೋರಲ್ಲ ಕಣಪ್ಪ. ನಮ್ಮ ಮಾವನೋರ ಕಾಲಕ್ಕೂ ಮುಂಚೆ ಬಂದೋರು. ಮನೆದ್ಯಾವ್ರು ಕಬ್ಬಾಳಮ್ಮ. ಅದ್ಕೇ ತಿಳ್ಕೊ, ಆ ಕಡೆಯಿಂದ್ಲೇ ಬಂದಿರದು.’

‘ಯಾಕೆ ಬಂದ್ರು ಅಜ್ಜಿ?’

‘ಹೊಟ್ಟೆಗಿಲ್ದೆ. ಇನ್ಯಾಕ್ ಬತ್ತಾರೆ?’

ಮನೆದೇವರು ಹೀಗೆ ದಾರಿ ತೋರಿಸುತ್ತದೆ. ಎಷ್ಟು ದೂರ ಬಂದು ನೆಲೆಸಿದರೂ ಹರಕೆ, ಮುಡಿ, ಮದುವೆಯ ಮೊದಲ ಕಾಯಿ ಹೊರಟ ಊರಿನ ದೇವರಿಗೇ ಸಲ್ಲಬೇಕು. ಕಬ್ಬಾಳಮ್ಮನ ಒಕ್ಕಲು ಸಾತನೂರು ಸೀಮೆಯ ಕಡೆ, ಮುತ್ತತ್ತಿರಾಯನ ಒಕ್ಕಲು ಕಾವೇರಿ ದಂಡೆಯ ಕಡೆ ಬೆರಳು ಮಾಡುತ್ತದೆ. ಬೆಡಗು ಕೇಳಿದರೆ ಯಾರ ಮನೆಗೆ ಹೆಣ್ಣು ಕೊಡಬಾರದೆಂಬುದು ತಿಳಿಯುತ್ತದೆ. ಅಂದರೆ ಯಾರು ಒಂದೇ ಬಳ್ಳಿಯವರು ಎಂಬುದು.

ಅಜ್ಜಿಗೆ ಮೂರು ತಲೆಮಾರು ಗೊತ್ತು. ಅದರಾಚೆ ಹೇಳಬಲ್ಲವರು ಹೆಳವರು. ಸುಗ್ಗಿ ಮುಗಿದು ಕಣದಲ್ಲಿ ರಾಶಿ ಬಿದ್ದ ಮೇಲೆ ಅವರು ಬರುತ್ತಿದ್ದರು. ಸಿಂಗರಿಸಿದ ಎತ್ತಿನ ಮೇಲೆ ಕಾಲು ಮರೆಯಾಗುವಂತೆ ಕಂಬಳಿ ಹೊದ್ದು ಕೂತು, ಗಂಟೆ ಆಡಿಸುತ್ತ ಮನೆ ಮುಂದೆ ನಿಂತು ಮನೆತನದ ಹೊಗಳಿಕೆ ಶುರು ಮಾಡುವರು: ಮೂಲ ಯಾವ ಊರು, ಯಾವ ಬೆಡಗು, ಯಾರು ಯಾರ ಮಗ, ಯಾವ ಜಗಳಕ್ಕೆ ಯಾರು ಊರು ಬಿಟ್ಟರು, ಯಾವ ಬರದಲ್ಲಿ ಯಾವ ಕವಲು ಕಡಿಯಿತು. ಒಂದೊಂದು ಹೆಳವ ಮನೆತನಕ್ಕೆ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂಬ ಹಂಚಿಕೆ. ತಾಮ್ರದ ತಗಡು, ಓಲೆಗರಿ ಇಟ್ಟುಕೊಂಡವರಿದ್ದರು. ಈಗ ರಟ್ಟಿನ ಉದ್ದ ಪುಸ್ತಕ, ಎತ್ತಿನ ಬದಲು ಮೋಟಾರ್ ಬೈಕು. ಕೇಳಿ ಮುಗಿಸಿದ ಮನೆಯವರು ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆಸಿ ರಾಗಿ, ದುಡ್ಡು, ಕಂಬಳಿ, ಅನುಕೂಲವಿದ್ದರೆ ಕರುವನ್ನೂ ಕೊಡುವುದು ವಾಡಿಕೆ. ಮಾದಿಗರ ಕುಲ ಹಾಡುವವರು ದಕ್ಕಲರು. ಊರ ಹೊರಗಿನ ಹಟ್ಟಿಯ ಹೆಸರುಗಳು ಅವರ ನಾಲಗೆಯಲ್ಲಿ ಉಳಿದವು.

ಹಾರೋಹಳ್ಳಿಯಂಥ ಕಡೆ ಈಗ ಹೆಳವ ಬಂದು ನಿಲ್ಲಲು ಕಣವಿಲ್ಲ, ಕೊಡಲು ರಾಶಿಯಿಲ್ಲ. ಪರಿಹಾರ ಪಡೆದವರಲ್ಲಿ ಕೆಲವರು ಕನಕಪುರಕ್ಕೆ, ಕೆಲವರು ಬೆಂಗಳೂರಿಗೆ ಮನೆ ಬದಲಿಸಿದ್ದಾರೆ. ಕದ ತಟ್ಟಿದರೆ ತೆರೆಯುವವರು ಬಾಡಿಗೆಯವರು. ಒಕ್ಕಲು ಚದುರಿದರೆ ಹೆಳವನ ಪುಸ್ತಕದಲ್ಲಿ ಆ ಪುಟ ಅಲ್ಲಿಗೇ ನಿಲ್ಲುತ್ತದೆ. ಕೈಗಾರಿಕಾ ಪ್ರದೇಶದಿಂದ ಏನು ಬಂತು, ಏನು ಹೋಯಿತು ಎಂದು ಲೆಕ್ಕ ಹಾಕುವವರು ಎಕರೆ, ಉದ್ಯೋಗ, ನೀರು ಎಲ್ಲವನ್ನೂ ಹಿಡಿಯುತ್ತಾರೆ. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಹಿಡಿಯಬೇಕು ಎಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಹುಡುಕಿದರೂ ಸಿಗದೆ ಉಳಿಯುವವರು ಇಬ್ಬರು: ಹೆಂಗಸು ಮತ್ತು ಭೂಮಿಯಿಲ್ಲದವನು.

ಭೂಮಿಯಿಲ್ಲದವನ ಹೆಸರಿಗೆ ಬೇರೆ ಕಡೆ ಹುಡುಕಬೇಕು. ತೋಟಿ, ತಳವಾರ, ನೀರಗಂಟಿ ಇನಾಮಿನ ಪಟ್ಟಿಗಳು, ದರಖಾಸ್ತಿನಲ್ಲಿ ಕೊಟ್ಟ ಸಾಗುವಳಿ ಚೀಟಿಗಳು, 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಹಾಕಿದ ನಮೂನೆ 7ರ ಅರ್ಜಿಗಳು, 1976ರ ಜೀತ ವಿಮುಕ್ತಿ ಕಾಯ್ದೆಯ ಮೇಲೆ ಬಿಡುಗಡೆಯಾದವರ ಪಟ್ಟಿಗಳು. ಒಬ್ಬ ಜೀತದಾಳಿನ ಹೆಸರು ಮೊದಲ ಬಾರಿ ಸರ್ಕಾರದ ಕಾಗದ ಹತ್ತಿದ್ದು ಅವನು ಬಿಡುಗಡೆಯಾದ ದಿನವಿರಬಹುದು.

ಹೆಂಗಸಿನ ಹೆಸರು ಪಹಣಿಗೆ ಹತ್ತುತ್ತಿದ್ದುದು ಗಂಡ ಸತ್ತ ಮೇಲೆ. ಹುಡುಗನ ಕೈಯಲ್ಲಿದ್ದ, ಮನೆಯ ಬೇರೊಂದು ಹೊಲದ ಮ್ಯುಟೇಶನ್ ನಕಲಿನಲ್ಲಿ ಮುತ್ತಜ್ಜನ ಹೆಸರು ಕಂಸ ಹಾಕಿ ಸುತ್ತಿ, ಇಬ್ಬರು ಮಕ್ಕಳ ಹೆಸರು ಬರೆದು, ಮುಂದೆ ‘ಮೈನರ್, ಗಾರ್ಡಿಯನ್ ತಾಯಿ’ ಎಂದು ಒಬ್ಬ ಹೆಂಗಸಿನ ಹೆಸರು ಇತ್ತು. ಅಜ್ಜಿಗೆ ಓದಿ ಹೇಳಿದಾಗ ಅವರು ಅವರೆಕಾಯಿ ಕೆಳಗಿಟ್ಟರು.

‘ಅವ್ವ ಕಣಪ್ಪ ಅದು. ನಮ್ಮತ್ತೆಮ್ಮ. ನಾನು ಮದ್ವೆಯಾಗಿ ಬಂದಾಗ ಕಣ್ಣು ಕಾಣ್ತಿರಲಿಲ್ಲ. ಎರಡು ಮಕ್ಳ ಕಟ್ಕೊಂಡು ಹೊಲ ಉಳಿಸಿದ್ದು ಆಯಮ್ಮನೇ.’

ದೊಡ್ಡ ಮಗ ವಯಸ್ಸಿಗೆ ಬಂದ ಮೇಲಿನ ನಮೂದಿನಲ್ಲಿ ಆ ತಾಯಿಯ ಹೆಸರಿಲ್ಲ. ಕಾಗದದ ಮೇಲೆ ಅವರ ಬದುಕು ಒಂದು ಸಾಲು. ಅವರ ತವರು ಯಾವುದೆಂದು ಯಾವ ಕಾಲಮಿನಲ್ಲೂ ಇಲ್ಲ. ಹೆಳವರ ಪುಸ್ತಕವೂ ಹೆಚ್ಚಾಗಿ ಗಂಡುಬಳ್ಳಿಯನ್ನೇ ಹಿಡಿದು ನಡೆಯುತ್ತದೆ. ಆ ಊರಿನ ಹೆಸರು ಈಗ ಈ ಅಜ್ಜಿಯೊಬ್ಬರಿಗೇ ಗೊತ್ತು. ಹುಡುಗ ಅದನ್ನು ಮ್ಯುಟೇಶನ್ ನಕಲಿನ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದುಕೊಂಡ.

ಹೆಣ್ಣುಮಕ್ಕಳನ್ನು ವಂಶವೃಕ್ಷಕ್ಕೆ ತಂದದ್ದು ಕಾನೂನು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ದೇಶಕ್ಕೆಲ್ಲ, ಮದುವೆಯಾದವರಿಗೂ ಸೇರಿ, ಅದು ಬಂದದ್ದು 2005ರಲ್ಲಿ. ಈಗ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕ, ಅತ್ತೆ, ಅವರು ತೀರಿಕೊಂಡಿದ್ದರೆ ಅವರ ಮಕ್ಕಳು ಎಲ್ಲರೂ ಇರಬೇಕು. ಬಿಟ್ಟರೆ ನಾಳೆ ಕೋರ್ಟಿಗೆ ಹೋಗಬೇಕಾಗುತ್ತದೆ. ಹುಡುಗ ಬಿಳಿ ಹಾಳೆಯ ಮೇಲೆ ಬರೆದ ಮರದಲ್ಲಿ ಎಡಕ್ಕೂ ಬಲಕ್ಕೂ ಚೌಕಗಳು. ಹೆಣ್ಣುಮಕ್ಕಳ ಚೌಕಗಳಲ್ಲಿ ಕೆಲವು ಖಾಲಿ ಇದ್ದವು. ಅಜ್ಜಿ ಒಂದೊಂದೇ ತುಂಬಿಸಿದರು: ಮಾಗಡಿ ಕಡೆ ಕೊಟ್ಟವಳು, ಚನ್ನಪಟ್ಟಣದ ಹತ್ತಿರ ಕೊಟ್ಟವಳು, ಬಾಣಂತನದಲ್ಲಿ ಹೋದವಳು. ದುಡ್ಡಿಗಾಗಿ ಬರೆದ ಮರವಾದರೂ ಆ ಮನೆಯಲ್ಲಿ ಅಷ್ಟು ಜನರ ಹೆಸರು ಒಂದೇ ಹಾಳೆಯಲ್ಲಿ ಕೂಡಿದ್ದು ಅದೇ ಮೊದಲು.

ಸ್ವಾಧೀನದ ಕಡತದಲ್ಲಿ ಇನ್ನೊಂದು ಹಾಳೆಯಿದೆ: ಜಂಟಿ ಅಳತೆಯ ವರದಿ. ಪರಿಹಾರ ನಿಗದಿ ಮಾಡಲು ಹೊಲದಲ್ಲಿದ್ದ ಮರ, ಬಾವಿ, ಮನೆ ಎಲ್ಲವನ್ನೂ ಎಣಿಸಿ ಬರೆದದ್ದು. ಹುಣಸೆ, ಹೊಂಗೆ, ತೆಂಗು ಎಂದು ಪಟ್ಟಿಯಿದೆ. ಯಾರೋ ನೆಟ್ಟು ನೀರು ಹೊಯ್ದ ಹುಣಸೆ ಮರಕ್ಕೆ ಬೆಲೆ ಕಟ್ಟಿದ ಸಾಲೇ ಅದರ ಕೊನೆಯ ದಾಖಲೆ. ಹೊಲದ ಮೂಲೆಯಲ್ಲಿದ್ದ ಹಿರಿಯರ ಸಮಾಧಿಗಳು ಎಲ್ಲ ಪಟ್ಟಿಗಳಲ್ಲೂ ಇರುವುದಿಲ್ಲ. ಅಜ್ಜಿ ಮಹಾಲಯ ಅಮಾವಾಸ್ಯೆಗೆ ಅಲ್ಲಿಗೆ ಎಡೆ ಒಯ್ಯುತ್ತಿದ್ದರು. ಈಗ ಮನೆಯಲ್ಲೇ ಕಳಸವಿಟ್ಟು, ಹೊಸ ಪಂಚೆ ಸೀರೆ ಮಡಿಸಿಟ್ಟು, ಎಡೆ ಹಾಕಿ ಧೂಪ ಹಾಕುತ್ತಾರೆ.

ಕಂದಾಯ ಇಲಾಖೆ ‘ಭೂ ಸುರಕ್ಷಾ’ ಯೋಜನೆಯಲ್ಲಿ ರೆಕಾರ್ಡ್ ರೂಮುಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೆಯ ಕೆಲಸ. ಗೆದ್ದಲು, ಮಳೆನೀರು, ಕಿತ್ತುಹೋದ ಪುಟಗಳಿಂದ ಎಷ್ಟೋ ಹೆಸರುಗಳು ಉಳಿಯುತ್ತವೆ. ಆದರೆ ಸ್ಕ್ಯಾನರಿಗೆ ಸಿಗುವುದು ಬರೆದಿಟ್ಟದ್ದು ಮಾತ್ರ. ನಿಮ್ಮ ಮನೆಯ ಜಮೀನು ಇದ್ದರೂ ಮಾರಿದ್ದರೂ ಸ್ವಾಧೀನಕ್ಕೆ ಹೋಗಿದ್ದರೂ, ಕೈಬರಹದ ಪಹಣಿ ಮತ್ತು ಮ್ಯುಟೇಶನ್ನಿನ ದೃಢೀಕೃತ ನಕಲು ಒಮ್ಮೆ ತೆಗೆಸಿಟ್ಟುಕೊಳ್ಳಿ. ಹೆಳವರು ಬಂದರೆ ಕೂರಿಸಿ, ಅವರು ಹೇಳುವುದನ್ನು ರೆಕಾರ್ಡ್ ಮಾಡಿಕೊಳ್ಳಿ, ಕೈತುಂಬ ಕೊಟ್ಟು ಕಳಿಸಿ. ಬರುವ ಮಹಾಲಯ ಅಮಾವಾಸ್ಯೆಗೆ ಮನೆಯವರೆಲ್ಲ ಸೇರಿದಾಗ ಒಂದು ನೋಟ್‌ಬುಕ್ ಇಟ್ಟುಕೊಂಡು, ಎಡೆಯ ಮುಂದೆ ಕೂತ ಹಿರಿಯರಿಂದ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಹೆಂಗಸರ ಹೆಸರು ಮೊದಲು ಬರೆಯಿರಿ, ಜತೆಗೆ ಅವರ ತವರೂರನ್ನೂ.